ಮೊದಲ ಸೋಲಿನ ಮರುದಿನ

2022ರ ನವೆಂಬರ್ 22ರಂದು ಕತಾರ್‌ನ ಲುಸೈಲ್ ಕ್ರೀಡಾಂಗಣದಲ್ಲಿ ಸೌದಿ ಅರೇಬಿಯ ತಂಡ ಅರ್ಜೆಂಟೀನಾವನ್ನು 2-1 ಗೋಲುಗಳಿಂದ ಸೋಲಿಸಿದಾಗ ಕಾಲ್ಚೆಂಡಿನ ಜಗತ್ತು ಕಣ್ಣುಜ್ಜಿಕೊಂಡು ನೋಡಿತು. ಸತತ 36 ಪಂದ್ಯಗಳಲ್ಲಿ ಸೋಲನ್ನೇ ಕಾಣದೆ ಬಂದಿದ್ದ ತಂಡ ಅದು. ಹತ್ತನೇ ನಿಮಿಷದಲ್ಲೇ ಮೆಸ್ಸಿ ಪೆನಾಲ್ಟಿಯಲ್ಲಿ ಗೋಲು ಹೊಡೆದಿದ್ದರು. ವಿರಾಮಕ್ಕೆ ಮೊದಲು ಇನ್ನೂ ಮೂರು ಸಲ ಚೆಂಡು ಬಲೆ ಸೇರಿತ್ತು. ಮೂರನ್ನೂ ಆಫ್‌ಸೈಡ್ ಎಂದು ತಳ್ಳಿಹಾಕಲಾಯಿತು. ವಿರಾಮದ ನಂತರ ಐದು ನಿಮಿಷಗಳ ಅಂತರದಲ್ಲಿ ಅಲ್ ಶೆಹ್ರಿ ಮತ್ತು ಅಲ್ ದೌಸರಿ ಎರಡು ಗೋಲು ಹೊಡೆದು ಪಂದ್ಯವನ್ನೇ ತಲೆಕೆಳಗು ಮಾಡಿದರು. ಮರುದಿನ ಸೌದಿಯಲ್ಲಿ ಸಾರ್ವಜನಿಕ ರಜೆ. ಅರ್ಜೆಂಟೀನಾ ಪಾಲಿಗೆ ಮಾತ್ರ ಪ್ರಥಮ ಚುಂಬನಂ ದಂತಭಗ್ನಂ.

ಇಪ್ಪತ್ತಾರು ದಿನಗಳ ಬಳಿಕ ಅದೇ ಲುಸೈಲ್‌ನಲ್ಲಿ ಅದೇ ಮೆಸ್ಸಿ ವಿಶ್ವಕಪ್ ಎತ್ತಿ ಹಿಡಿದರು.

ಈ ಎರಡು ದಿನಗಳ ನಡುವೆ ಏನು ನಡೆಯಿತು? ಛಲ, ಕೆಚ್ಚು, ದೇಶಾಭಿಮಾನ ಎಂದು ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ಛಲ ಸೋತು ಮನೆಗೆ ಹೋದ ತಂಡಗಳಿಗೂ ಇದ್ದೇ ಇರುತ್ತದೆ. ಮೊದಲ ಪಂದ್ಯದಲ್ಲೇ ಮುಗ್ಗರಿಸಿ ಮತ್ತೆ ಎದ್ದು ನಿಂತ ತಂಡಗಳ ಚರಿತ್ರೆಯನ್ನು ತಿರುವಿಹಾಕಿದರೆ ಕಾಣುವುದು ಬೇರೆಯದೇ ಸಂಗತಿ. ಸೋಲಿನ ಮರುದಿನ ತರಬೇತುದಾರ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕಾಗುತ್ತದೆ. ಸೋತಿದ್ದು ತಂಡ ಕಟ್ಟಿದ ರೀತಿಯಿಂದಲೋ, ಅಥವಾ ಅಂದಿನ ಗ್ರಹಚಾರದಿಂದಲೋ? ಮೊದಲನೆಯದಾದರೆ ತಂಡ ಬದಲಿಸಬೇಕು. ಎರಡನೆಯದಾದರೆ ಯಾರು ಏನೇ ಅನ್ನಲಿ, ಸುಮ್ಮನಿರಬೇಕು. ಈ ತೀರ್ಮಾನಕ್ಕೆ ಸಿಗುವ ಸಮಯ ಹೆಚ್ಚೆಂದರೆ ಮೂರು ನಾಲ್ಕು ದಿನ. ಅಷ್ಟೂ ದಿನ ಪತ್ರಿಕೆಗಳು ಬೆಂಕಿ ಕಾರುತ್ತಿರುತ್ತವೆ.

ಅರ್ಜೆಂಟೀನಾದ ತರಬೇತುದಾರ ಲಿಯೊನೆಲ್ ಸ್ಕಲೋನಿ ಬದಲಿಸಿದರು. ನಾಲ್ಕು ದಿನಗಳ ನಂತರ ಮೆಕ್ಸಿಕೊ ವಿರುದ್ಧ ಆಡಲಿಳಿದ ಹನ್ನೊಂದು ಮಂದಿಯಲ್ಲಿ ಐವರು ಹೊಸಬರು. ಅವರಲ್ಲಿ ಅಲೆಕ್ಸಿಸ್ ಮ್ಯಾಕ್ ಅಲಿಸ್ಟರ್ ಒಬ್ಬರು. ಬದಲಿ ಆಟಗಾರನಾಗಿ ಬಂದ ಎಂಜೊ ಫರ್ನಾಂಡಿಸ್ ಆ ಪಂದ್ಯದ ಎರಡನೇ ಗೋಲು ಹೊಡೆದರು. ಪೋಲೆಂಡ್ ಎದುರಿನ ಮೂರನೇ ಪಂದ್ಯಕ್ಕೆ ಎಂಜೊ ಮತ್ತು ಯೂಲಿಯನ್ ಅಲ್ವಾರಿಸ್ ಇಬ್ಬರೂ ಮೊದಲಿನಿಂದಲೇ ಕಣದಲ್ಲಿದ್ದರು. ವಿಶ್ವಕಪ್ ಗೆದ್ದ ತಂಡದ ನಡುಭಾಗ ರೂಪುಗೊಂಡದ್ದು ಹೀಗೆ, ಸೌದಿ ಎದುರಿನ ಸೋಲಿನ ನಂತರದ ಎಂಟು ದಿನಗಳಲ್ಲಿ.

ಇದಕ್ಕೆ ನೇರ ವಿರುದ್ಧ ಉದಾಹರಣೆ 2010ರ ಸ್ಪೇನ್. ಯುರೋಪಿನ ಚಾಂಪಿಯನ್ನರಾಗಿ ದಕ್ಷಿಣ ಆಫ್ರಿಕಕ್ಕೆ ಬಂದಿದ್ದ ಸ್ಪೇನ್, ಡರ್ಬನ್‌ನಲ್ಲಿ ಸ್ವಿಟ್ಜರ್ಲೆಂಡ್ ಎದುರು 0-1ರಿಂದ ಸೋತಿತು. ಚೆಂಡು ಬಹುಪಾಲು ಹೊತ್ತು ಸ್ಪೇನ್ ಆಟಗಾರರ ಕಾಲಲ್ಲೇ ಇತ್ತು. ಗೋಲು ಮಾತ್ರ ಸ್ವಿಸ್ ಆಟಗಾರ ಗೆಲ್ಸನ್ ಫರ್ನಾಂಡಿಸ್‌ರದ್ದು. ತರಬೇತುದಾರ ವಿಸೆಂತೆ ದೆಲ್ ಬೊಸ್ಕೆ ಮೇಲೆ ಟೀಕೆಯ ಮಳೆ. ಸ್ಪೇನ್‌ನ ಹಿಂದಿನ ತರಬೇತುದಾರ ಲೂಯಿಸ್ ಅರಗೋನೆಸ್ ಅವರೂ ಟೀಕಾಕಾರರ ಸಾಲಿನಲ್ಲಿದ್ದರು. ನಡುಭಾಗದಲ್ಲಿ ಚೆಂಡು ಕಾಯುವ ಬುಸ್ಕೆಟ್ಸ್‌ರನ್ನು ಕೈಬಿಡಬೇಕೆಂಬ ಕೂಗು ಎದ್ದಿತು. ದೆಲ್ ಬೊಸ್ಕೆ ಒಂದೆರಡು ಸ್ಥಾನಗಳನ್ನು ಬಿಟ್ಟರೆ ಮತ್ತೇನನ್ನೂ ಮುಟ್ಟಲಿಲ್ಲ, ಬುಸ್ಕೆಟ್ಸ್‌ರನ್ನಂತೂ ಮುಟ್ಟಲೇ ಇಲ್ಲ. ಸಣ್ಣ ಸಣ್ಣ ಪಾಸ್‌ಗಳ ಆಟ ಹಾಗೇ ಮುಂದುವರಿಯಿತು. ಹೊಂಡುರಾಸ್ ಮತ್ತು ಚಿಲಿಯನ್ನು ದಾಟಿ ಬಂದ ಸ್ಪೇನ್, ಆಮೇಲಿನ ನಾಲ್ಕೂ ಪಂದ್ಯಗಳನ್ನು 1-0ರಿಂದಲೇ ಗೆದ್ದಿತು. ಜೊಹಾನ್ಸ್‌ಬರ್ಗ್‌ನ ಫೈನಲ್‌ನಲ್ಲಿ ಹಾಲೆಂಡ್ ವಿರುದ್ಧ ಇನಿಯೆಸ್ತಾ ಗೋಲು ಬಂದದ್ದು 116ನೇ ನಿಮಿಷದಲ್ಲಿ. ಮೊದಲ ಪಂದ್ಯ ಸೋತು ವಿಶ್ವಕಪ್ ಗೆದ್ದ ಮೊಟ್ಟಮೊದಲ ತಂಡ ಅದು. ಅರ್ಜೆಂಟೀನಾ ಎರಡನೆಯದು.

ಟೂರ್ನಿಯ ಮೊದಲ ಸೋಲು ಲೆಕ್ಕಾಚಾರದ ದೃಷ್ಟಿಯಲ್ಲಿ ಅಷ್ಟೇನೂ ಮಾರಕವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ನಾಲ್ಕು ತಂಡಗಳ ಗುಂಪಿನಿಂದ ಎರಡು ಮುಂದೆ ಹೋಗುವಾಗ ಉಳಿದ ಎರಡು ಪಂದ್ಯ ಗೆದ್ದರೆ ಸಾಮಾನ್ಯವಾಗಿ ಸಾಕು. ಈ ಲೆಕ್ಕವನ್ನು ಅತ್ಯಂತ ನಾಚಿಕೆಗೇಡಿನ ರೀತಿಯಲ್ಲಿ ಬಳಸಿಕೊಂಡದ್ದು 1982ರ ಪಶ್ಚಿಮ ಜರ್ಮನಿ. ಸ್ಪೇನ್‌ನ ಹಿಹೋನ್ ನಗರದಲ್ಲಿ ನಡೆದ ಮೊದಲ ಪಂದ್ಯದಲ್ಲಿ ಆ ತಂಡ ಅಲ್ಜೀರಿಯಕ್ಕೆ 1-2ರಿಂದ ಶರಣಾಗಿತ್ತು. ಕೊನೆಯ ಪಂದ್ಯ ನೆರೆಯ ಆಸ್ಟ್ರಿಯ ಜತೆ. ಅಲ್ಜೀರಿಯ ಹಿಂದಿನ ದಿನವೇ ತನ್ನ ಪಂದ್ಯಗಳನ್ನು ಮುಗಿಸಿದ್ದರಿಂದ, ಜರ್ಮನಿ ಒಂದೋ ಎರಡೋ ಗೋಲುಗಳಿಂದ ಗೆದ್ದರೆ ಎರಡೂ ತಂಡಗಳಿಗೆ ದಾರಿ ಸುಗಮ ಎಂಬುದು ಇಬ್ಬರಿಗೂ ಗೊತ್ತಿತ್ತು. ಹತ್ತನೇ ನಿಮಿಷದಲ್ಲಿ ಜರ್ಮನಿ ಗೋಲು ಹೊಡೆಯಿತು. ಉಳಿದ ಎಂಬತ್ತು ನಿಮಿಷ ಅಲ್ಲಿ ನಡೆದದ್ದನ್ನು ಆಟ ಎಂದು ಕರೆಯುವುದು ಕಷ್ಟ. ಅಲ್ಜೀರಿಯ ಮನೆಗೆ ಹೋಯಿತು, ಜರ್ಮನಿ ಫೈನಲ್‌ವರೆಗೂ ಹೋಯಿತು. ಗುಂಪಿನ ಕೊನೆಯ ಎರಡು ಪಂದ್ಯಗಳನ್ನು ಏಕಕಾಲಕ್ಕೆ ಆಡಿಸುವ ನಿಯಮ ವಿಶ್ವಕಪ್‌ನಲ್ಲಿ ಜಾರಿಗೆ ಬಂದದ್ದು ಈ ಪ್ರಕರಣದ ನಂತರ. ಚೇತರಿಕೆಗಳೆಲ್ಲ ಚೆಲುವಾಗಿಯೇ ಇರುತ್ತವೆ ಎಂದೇನಿಲ್ಲ.

ವರ್ಷವಿಡೀ ನಡೆಯುವ ಲೀಗ್‌ಗಳಲ್ಲಿ ಮೊದಲ ಸೋಲಿನ ಬೆಲೆ ಇನ್ನೂ ಕಡಿಮೆ. 38 ಪಂದ್ಯಗಳಲ್ಲಿ ಒಂದು, ಅಷ್ಟೆ. ಆದರೂ ಇಂಗ್ಲೆಂಡಿನಲ್ಲಿ ಅಂಥ ಒಂದು ಸೋಲು ಮೂರು ದಶಕಗಳ ಬಳಿಕವೂ ಮಾತಿನಲ್ಲಿ ಉಳಿದಿದೆ. 1995ರ ಆಗಸ್ಟ್ 19, ಹೊಸ ಋತುವಿನ ಮೊದಲ ದಿನ. ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್‌ನಲ್ಲಿ ಆಸ್ಟನ್ ವಿಲ್ಲಾ ಎದುರು ಮ್ಯಾಂಚೆಸ್ಟರ್ ಯುನೈಟೆಡ್ ವಿರಾಮದ ಹೊತ್ತಿಗೇ 0-3ರಿಂದ ಹಿಂದಿತ್ತು. ಕೊನೆಗೆ 1-3. ಆ ಬೇಸಿಗೆಯಲ್ಲಿ ಅಲೆಕ್ಸ್ ಫರ್ಗುಸನ್ ಅವರು ಇನ್ಸ್, ಹ್ಯೂಸ್, ಕಾಂಚೆಲ್‌ಸ್ಕಿಸ್ ಎಂಬ ಮೂವರು ನುರಿತ ಆಟಗಾರರನ್ನು ಬಿಟ್ಟುಕೊಟ್ಟಿದ್ದರು. ಪ್ರೇಕ್ಷಕನೊಬ್ಬನನ್ನು ಒದ್ದು ನಿಷೇಧಕ್ಕೆ ಒಳಗಾಗಿದ್ದ ಕ್ಯಾಂಟೊನಾ ಸೆಪ್ಟೆಂಬರ್ ಮುಗಿಯುವವರೆಗೆ ಆಡುವಂತಿರಲಿಲ್ಲ. ಅವರ ಜಾಗಕ್ಕೆ ಬಂದವರು ಕ್ಲಬ್ಬಿನಲ್ಲೇ ಪಳಗಿದ ಹುಡುಗರು. ಗ್ಯಾರಿ ನೆವಿಲ್, ಬಟ್, ಸ್ಕೋಲ್ಸ್, ಬದಲಿಯಾಗಿ ಬಂದು ಸಮಾಧಾನದ ಗೋಲು ಹೊಡೆದ ಬೆಕ್‌ಹ್ಯಾಮ್ ಇವರಿಗೆಲ್ಲ ಆಗ ಇಪ್ಪತ್ತು ವರ್ಷ. ಫಿಲ್ ನೆವಿಲ್‌ಗೆ ಹದಿನೆಂಟು. ಅಂದು ರಾತ್ರಿ ಬಿಬಿಸಿ ದೂರದರ್ಶನದಲ್ಲಿ ಮಾಜಿ ಆಟಗಾರ ಅಲನ್ ಹ್ಯಾನ್ಸನ್, ಮಕ್ಕಳನ್ನು ಕಟ್ಟಿಕೊಂಡು ಏನನ್ನೂ ಗೆಲ್ಲಲಾಗದು ಎಂಬ ಮಾತು ಆಡಿದರು. ಆಡಿದ ಮಾತು ಅವರನ್ನು ಇನ್ನೂ ಬಿಟ್ಟಿಲ್ಲ.

ಹ್ಯಾನ್ಸನ್ ಮೂರ್ಖರೇನಲ್ಲ. ಲಿವರ್‌ಪೂಲ್‌ಗೆ ಆಡಿ ಹಲವು ಲೀಗ್ ಪ್ರಶಸ್ತಿಗಳನ್ನು ಗೆದ್ದವರು. ಅವರ ಕಣ್ಣಿಗೆ ಕಂಡದ್ದು ಆ ತೊಂಬತ್ತು ನಿಮಿಷ. ಫರ್ಗುಸನ್ ಈ ಹುಡುಗರನ್ನು ಹದಿಹರೆಯದಿಂದ ನೋಡುತ್ತ ಬಂದವರು. ಹೊಸ ಆಟಗಾರರನ್ನು ಕೊಳ್ಳಲು ಅವರು ಓಡಲಿಲ್ಲ. ಮುಂದಿನ ಐದೂ ಲೀಗ್ ಪಂದ್ಯಗಳನ್ನು ಯುನೈಟೆಡ್ ಗೆದ್ದಿತು. ಅಕ್ಟೋಬರ್ 1ರಂದು ಕ್ಯಾಂಟೊನಾ ಮರಳಿ ಬಂದರು. ಜನವರಿಯಲ್ಲಿ ನ್ಯೂಕ್ಯಾಸಲ್ ತಂಡ 12 ಅಂಕ ಮುಂದಿತ್ತು. ಮಾರ್ಚ್ 4ರಂದು ನ್ಯೂಕ್ಯಾಸಲ್‌ನ ನೆಲದಲ್ಲೇ ಕ್ಯಾಂಟೊನಾ ಹೊಡೆದ ಒಂದು ಗೋಲು ಲೆಕ್ಕವನ್ನು ತಿರುಗಿಸಿತು. ಋತು ಮುಗಿದಾಗ ಯುನೈಟೆಡ್ 82 ಅಂಕ, ನ್ಯೂಕ್ಯಾಸಲ್ 78. ಎಫ್.ಎ. ಕಪ್ಪೂ ಯುನೈಟೆಡ್ ಪಾಲಾಯಿತು.

ಮೊದಲ ದಿನ ಸೋಲಿಸಿದ ತಂಡವೇ ಕೊನೆಯ ದಿನ ಮತ್ತೆ ಎದುರಾದರೆ? ಅಂಥ ಸಂದರ್ಭ ಅಪರೂಪ. 1988ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಹಾಲೆಂಡ್‌ಗೆ ಅದು ಒದಗಿತು. ಕಲೋನ್‌ನಲ್ಲಿ ಸೋವಿಯತ್ ಒಕ್ಕೂಟದ ಎದುರು 0-1ರಿಂದ ಸೋತಾಗ, ಹಾಲೆಂಡ್‌ನ ಮಾರ್ಕೊ ವ್ಯಾನ್ ಬಾಸ್ಟನ್ ಪಂದ್ಯದ ಹೆಚ್ಚಿನ ಹೊತ್ತು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ಮೀನಖಂಡದ ಕೆಳಗಿನ ಕೀಲಿನ ನೋವಿನಿಂದ ಆ ವರ್ಷವಿಡೀ ಅವರು ಆಡಿದ್ದೇ ಕಡಿಮೆ. ತರಬೇತುದಾರ ರೈನಸ್ ಮೈಕಲ್ಸ್ ಎರಡನೇ ಪಂದ್ಯಕ್ಕೆ ಬಾಸ್ಮನ್‌ರನ್ನು ಕೂರಿಸಿ ವ್ಯಾನ್ ಬಾಸ್ಟನ್‌ರನ್ನು ಇಳಿಸಿದರು. ಇಂಗ್ಲೆಂಡ್ ವಿರುದ್ಧ ಅವರೊಬ್ಬರೇ ಮೂರು ಗೋಲು ಹೊಡೆದರು. ಐರ್ಲೆಂಡ್ ವಿರುದ್ಧ 82ನೇ ನಿಮಿಷದಲ್ಲಿ ಕೀಫ್ಟ್ ತಲೆಗೆ ತಾಗಿದ ಚೆಂಡು ವಿಚಿತ್ರವಾಗಿ ತಿರುಗಿ ಒಳಹೋಗದಿದ್ದರೆ ಹಾಲೆಂಡ್ ಅಂದೇ ಗಂಟುಮೂಟೆ ಕಟ್ಟಬೇಕಿತ್ತು. ಅದೃಷ್ಟದ ಪಾಲೂ ಇಷ್ಟು ಇರುತ್ತದೆ. ಮ್ಯೂನಿಕ್‌ನ ಫೈನಲ್‌ನಲ್ಲಿ ಸೋವಿಯತ್ ಒಕ್ಕೂಟವನ್ನು ಹಾಲೆಂಡ್ 2-0ಯಿಂದ ಮಣಿಸಿತು. ಕಂಬದ ಪಕ್ಕದ ಇಕ್ಕಟ್ಟಾದ ಕೋನದಿಂದ ವ್ಯಾನ್ ಬಾಸ್ಟನ್ ಗಾಳಿಯಲ್ಲೇ ಹೊಡೆದ ಎರಡನೇ ಗೋಲನ್ನು ನೋಡಿದವರು ಮರೆತಿಲ್ಲ.

ಇದೇ ಕತೆ ಎಲ್ಲರ ಪಾಲಿಗೂ ಹೀಗೆ ಮುಗಿಯುವುದಿಲ್ಲ. 2004ರಲ್ಲಿ ತವರಿನಲ್ಲೇ ಆಡುತ್ತಿದ್ದ ಪೋರ್ಚುಗಲ್ ಮೊದಲ ಪಂದ್ಯವನ್ನು ಗ್ರೀಸ್‌ಗೆ ಒಪ್ಪಿಸಿತು. ತರಬೇತುದಾರ ಸ್ಕೊಲಾರಿ ಕೌಟೊ, ರೂಯಿ ಕೋಸ್ಟ ಅವರಂಥ ಹಿರಿಯರನ್ನೇ ಕೂರಿಸಿ ಕರ್ವಾಲೊ ಮತ್ತು ಡೆಕೊಗೆ ಜಾಗ ಕೊಟ್ಟರು. ಸ್ಪೇನ್, ಇಂಗ್ಲೆಂಡ್, ಹಾಲೆಂಡ್ ಮೂರನ್ನೂ ದಾಟಿ ಫೈನಲ್‌ಗೆ ಬಂದರು. ಎದುರಿಗೆ ಮತ್ತೆ ಗ್ರೀಸ್. ಮತ್ತೆ ಸೋಲು, ಈ ಸಲ 0-1.

ಹಾಲೆಂಡ್ ಮಾಡಿದ್ದನ್ನು ಅದಕ್ಕೆ 26 ವರ್ಷ ಮೊದಲೇ ಭಾರತದ ತಂಡವೊಂದು ಮಾಡಿ ತೋರಿಸಿತ್ತು ಎಂದರೆ ಇಂದಿನ ಓದುಗರಿಗೆ ಆಶ್ಚರ್ಯವಾದೀತು. ವಿಶ್ವ ಶ್ರೇಯಾಂಕದಲ್ಲಿ ನೂರರಿಂದಾಚೆ ಭಾರತವನ್ನು ಹುಡುಕುವುದು ನಮಗೆ ರೂಢಿಯಾಗಿಬಿಟ್ಟಿದೆ. 1962ರಲ್ಲಿ ಸ್ಥಿತಿ ಹಾಗಿರಲಿಲ್ಲ.

ಆ ವರ್ಷದ ಏಷ್ಯನ್ ಕ್ರೀಡಾಕೂಟ ನಡೆದದ್ದು ಇಂಡೊನೇಷ್ಯದ ಜಕಾರ್ತದಲ್ಲಿ. ಭಾರತ ತಂಡದ ತರಬೇತುದಾರ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ವೃತ್ತಿಯಿಂದ ಶಾಲಾ ಮೇಷ್ಟ್ರಾಗಿದ್ದವರು. ಆಟಗಾರರ ಬಾಯಲ್ಲಿ ರಹೀಂ ಸಾಹೇಬರು. ಅವರು ಪಳಗಿಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದಿತ್ತು. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಬಂದದ್ದು ಅವರ ಕೈಕೆಳಗೆ. ಮೆಲ್ಬರ್ನ್ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯನವರೂ ಇದ್ದರು. ಜಕಾರ್ತಕ್ಕೆ ಹೊರಟ ಹೊತ್ತಿಗೆ ರಹೀಂ ಅವರ ಆರೋಗ್ಯ ಕೆಟ್ಟಿತ್ತು. ಶ್ವಾಸಕೋಶದ ಕ್ಯಾನ್ಸರ್ ಒಳಗೊಳಗೇ ಅವರನ್ನು ತಿನ್ನುತ್ತಿತ್ತು.

ಆಗಸ್ಟ್ 26ರಂದು ಮೊದಲ ಪಂದ್ಯ, ದಕ್ಷಿಣ ಕೊರಿಯ ಎದುರು. ಭಾರತ 0-2ರಿಂದ ಸೋತಿತು. ಚುನಿ ಗೋಸ್ವಾಮಿ, ಪಿ.ಕೆ. ಬ್ಯಾನರ್ಜಿ, ತುಳಸಿದಾಸ್ ಬಲರಾಂ ಎಂಬ ಮೂವರು ಹೆಸರಾಂತ ಮುನ್ನಡೆ ಆಟಗಾರರಿದ್ದ ತಂಡ ಒಂದು ಗೋಲನ್ನೂ ಹೊಡೆಯಲಿಲ್ಲ.

ಎರಡು ದಿನ ಬಿಟ್ಟು ಥಾಯ್ಲೆಂಡ್ ಜತೆ ಪಂದ್ಯ. ಭಾರತ 4-1ರಿಂದ ಗೆದ್ದಿತಾದರೂ ಗಾಯದ ಮೇಲೆ ಬರೆ ಎಳೆದಂತೆ ರಕ್ಷಣೆಯ ಆಧಾರಸ್ತಂಭವಾಗಿದ್ದ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿತ್ತು. ಹೊಲಿಗೆ ಹಾಕಬೇಕಾಯಿತು. ಮರುದಿನವೇ ಜಪಾನ್. ಜರ್ನೈಲ್ ಇಲ್ಲದೆಯೇ ಭಾರತ 2-0ಯಿಂದ ಗೆದ್ದು, ಕೊರಿಯದ ನಂತರದ ಸ್ಥಾನ ಪಡೆದು ಸೆಮಿಫೈನಲ್ ಸೇರಿತು. ಪಂಜಾಬಿನ ಈ ಕಟ್ಟಾಳನ್ನು ಮುಂದೆ ಏನು ಮಾಡುವುದು ಎಂಬುದು ರಹೀಂ ಅವರ ಮುಂದಿದ್ದ ಸಮಸ್ಯೆ. ತಲೆಯ ಮೇಲೆ ಹೊಲಿಗೆ ಇರುವ ರಕ್ಷಣಾ ಆಟಗಾರ ಎತ್ತರದಿಂದ ಬರುವ ಚೆಂಡನ್ನೆಲ್ಲ ತಲೆಯಿಂದ ತಳ್ಳುತ್ತ ಇರುವುದು ಹೇಗೆ? ಹಾಗೆಂದು ಅವರನ್ನು ಬಿಟ್ಟು ಆಡುವುದು ಹೇಗೆ?

ರಹೀಂ ಕಂಡುಕೊಂಡ ಉತ್ತರವನ್ನು ಬೇರೊಬ್ಬರು ಊಹಿಸಲಾರರು. ಅವರು ಜರ್ನೈಲ್‌ರನ್ನು ಹಿಂದಿನಿಂದ ಎತ್ತಿ ಸೀದಾ ಮುಂದಕ್ಕೆ ಹಾಕಿದರು, ಸೆಂಟರ್ ಫಾರ್ವರ್ಡ್ ಜಾಗಕ್ಕೆ! ಕಾಲೇಜು ದಿನಗಳಲ್ಲಿ ಜರ್ನೈಲ್ ಆ ಸ್ಥಾನದಲ್ಲಿ ಆಡಿದ್ದರು ಎಂಬುದು ಅವರಿಗೆ ಗೊತ್ತಿತ್ತು. ತೆರವಾದ ಹಿಂದಿನ ಜಾಗಕ್ಕೆ ಅರುಣ್ ಘೋಷ್ ಬಂದರು. ಸೆಪ್ಟೆಂಬರ್ 1ರ ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧ ಭಾರತ 3-2ರಿಂದ ಗೆದ್ದಿತು. ನಾಯಕ ಚುನಿ ಎರಡು ಗೋಲು, ತಲೆಗೆ ಪಟ್ಟಿ ಕಟ್ಟಿಕೊಂಡಿದ್ದ ಜರ್ನೈಲ್ ಒಂದು.

ಈ ನಡುವೆ ಮೈದಾನದ ಹೊರಗೆ ಬೇರೊಂದು ಬೆಂಕಿ ಹೊತ್ತಿಕೊಂಡಿತ್ತು. ಇಸ್ರೇಲ್ ಮತ್ತು ತೈವಾನ್ ಆಟಗಾರರಿಗೆ ಇಂಡೊನೇಷ್ಯ ಪ್ರವೇಶ ಕೊಟ್ಟಿರಲಿಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಭಾರತೀಯ ಸದಸ್ಯ ಗುರುದತ್ತ ಸೋಂಧಿ ಇದನ್ನು ಬಲವಾಗಿ ಪ್ರಶ್ನಿಸಿದರು. ಎಲ್ಲರಿಗೂ ಅವಕಾಶವಿಲ್ಲದ ಕೂಟವನ್ನು ಏಷ್ಯನ್ ಕ್ರೀಡಾಕೂಟ ಎಂದು ಕರೆಯಲಾಗದು ಎಂಬುದು ಅವರ ವಾದ. ತತ್ವದ ದೃಷ್ಟಿಯಿಂದ ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಆದರೆ ಅದರ ಪೆಟ್ಟು ತಿಂದವರು ಆಟಗಾರರು. ಸೆಪ್ಟೆಂಬರ್ 3ರಂದು ಉದ್ರಿಕ್ತ ಗುಂಪು ಜಕಾರ್ತದ ಭಾರತೀಯ ರಾಯಭಾರ ಕಚೇರಿಗೆ ನುಗ್ಗಿತು. ಸೋಂಧಿ ದೇಶ ಬಿಟ್ಟು ಹೊರಟರು. ಫೈನಲ್ ಇದ್ದದ್ದು ಮರುದಿನವೇ.

ಭಾರತೀಯರೆಂದು ಗೊತ್ತಾಗದಿರಲಿ ಎಂದು ಬಸ್ಸಿನಲ್ಲಿ ಮುಖ ಮರೆಸಿಕೊಂಡು ಹೋಗಬೇಕಾಯಿತೆಂದು ಆಟಗಾರರು ಆಮೇಲೆ ನೆನಪಿಸಿಕೊಂಡಿದ್ದಾರೆ. ಪೇಟ ಕಟ್ಟಿದ ಜರ್ನೈಲ್ ಅವರನ್ನು ಮರೆಸುವುದು ಎಷ್ಟು ಕಷ್ಟವಾಗಿತ್ತೆಂದು ಊಹಿಸಬಹುದು. ಸೆನಾಯನ್ ಕ್ರೀಡಾಂಗಣದಲ್ಲಿ ಸುಮಾರು ಒಂದು ಲಕ್ಷ ಜನ. ತಮ್ಮ ತಂಡ ಗುಂಪಿನ ಹಂತದಲ್ಲೇ ಹೊರಬಿದ್ದಿದ್ದರೂ ಅವರು ಬಂದಿದ್ದರು, ಭಾರತ ಸೋಲುವುದನ್ನು ನೋಡಲು. ನಮ್ಮ ರಾಷ್ಟ್ರಗೀತೆಗೂ ಕೂಗಾಟ ನಿಲ್ಲಲಿಲ್ಲ. ಭಾರತಕ್ಕಾಗಿ ಚಪ್ಪಾಳೆ ತಟ್ಟಿದವರು ಪಾಕಿಸ್ತಾನದ ಹಾಕಿ ಆಟಗಾರರು ಎಂದು ಪಿ.ಕೆ. ಬ್ಯಾನರ್ಜಿ ಎಷ್ಟೋ ವರ್ಷಗಳ ನಂತರವೂ ಹೇಳುತ್ತಿದ್ದರು.

ಹಿಂದಿನ ರಾತ್ರಿ ರಹೀಂ ಆಟಗಾರರನ್ನು ಕೂರಿಸಿಕೊಂಡು, ನನಗೊಂದು ಉಡುಗೊರೆ ಬೇಕು, ನಾಳೆ ಚಿನ್ನ ಗೆದ್ದುಕೊಡಿ ಎಂದು ಕೇಳಿದರಂತೆ. ಅವರ ಬದುಕನ್ನು ಆಧರಿಸಿ 2024ರಲ್ಲಿ ತೆರೆಗೆ ಬಂದ ಹಿಂದಿ ಚಿತ್ರ 'ಮೈದಾನ್' ಕಾರಣದಿಂದ ರಹೀಂ ಹೆಸರು ಹೊಸ ತಲೆಮಾರಿಗೂ ತಲುಪಿದೆ. ಸಿನಿಮಾಕ್ಕೆ ಇಂಥ ಮಾತು ಬೇಕು, ಇರಲಿ. ಆದರೆ ಪಂದ್ಯ ಗೆದ್ದುಕೊಟ್ಟದ್ದು ಆ ಮಾತಿಗಿಂತ ಹೆಚ್ಚಾಗಿ ಅಂದು ಮೈದಾನಕ್ಕೆ ಇಳಿದ ಹನ್ನೊಂದು ಹೆಸರುಗಳ ಪಟ್ಟಿ. ಸೆಮಿಫೈನಲ್‌ನಲ್ಲಿ ಗೋಲು ಕಾದಿದ್ದವರು ಪ್ರದ್ಯೋತ್ ಬರ್ಮನ್. ಫೈನಲ್‌ಗೆ ರಹೀಂ ಆರಿಸಿದ್ದು, ಫ್ಲೂ ಜ್ವರದಿಂದ ಎದ್ದ ಪೀಟರ್ ತಂಗರಾಜ್‌ರನ್ನು. ತಂಗರಾಜ್ ಆಳೆತ್ತರದ ಗೋಲಿ. ಕೊರಿಯನ್ನರು ಮೇಲಿಂದ ಹಾಕುವ ಚೆಂಡಿಗೆ ಆ ಎತ್ತರವೇ ಮದ್ದು ಎಂಬ ಲೆಕ್ಕಾಚಾರ. ಹಿಂಭಾಗದಲ್ಲಿ ಚಂದ್ರಶೇಖರ್, ಕಾಲುನೋವಿದ್ದರೂ ಇಳಿದ ತ್ರಿಲೋಕ್ ಸಿಂಗ್, ಅರುಣ್ ಘೋಷ್. ನಡುವೆ ಪ್ರಶಾಂತ ಸಿನ್ಹ ಮತ್ತು ಫ್ರಾಂಕೊ. ಮುಂದೆ ಪಿ.ಕೆ., ಯೂಸುಫ್ ಖಾನ್, ಜರ್ನೈಲ್, ಚುನಿ, ಬಲರಾಂ. ಒಂಬತ್ತು ದಿನಗಳ ಹಿಂದೆ ಇದೇ ಕೊರಿಯ ಕಂಡಿದ್ದ ಭಾರತಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿತ್ತು. ತಮ್ಮನ್ನು ತಡೆಯಲು ನಿಲ್ಲುವನೆಂದು ಕೊರಿಯದ ಮುನ್ನಡೆ ಆಟಗಾರರು ಎಣಿಸಿದ್ದ ಆಳು ಈಗ ಅವರ ಗೋಲಿನ ಮುಂದೆಯೇ ನಿಂತಿದ್ದ.

ಹದಿನೇಳನೇ ನಿಮಿಷದಲ್ಲಿ ಪಿ.ಕೆ. ಬ್ಯಾನರ್ಜಿ ಮೊದಲ ಗೋಲು ಹೊಡೆದರು. ಮೂರು ನಿಮಿಷದ ಬಳಿಕ ಎರಡನೆಯದು, ಜರ್ನೈಲ್ ಸಿಂಗ್ ಅವರಿಂದ. ಉಳಿದ ಎಪ್ಪತ್ತು ನಿಮಿಷ ಕೊರಿಯ ಮೇಲೆಮೇಲೆ ಬಂದರೂ ಗೋಲು ಸಿಕ್ಕಿದ್ದು ಪಂದ್ಯ ಮುಗಿಯಲು ಐದು ನಿಮಿಷ ಇರುವಾಗ, ಅದೂ ಒಂದೇ. 2-1. ಲಕ್ಷ ಜನರಿದ್ದ ಕ್ರೀಡಾಂಗಣದಲ್ಲಿ ಸಂಭ್ರಮಿಸಿದವರು ಬೆರಳೆಣಿಕೆಯ ಮಂದಿ.

ಕ್ರೀಡಾಕೂಟದ ಗಲಾಟೆಯ ಪರಿಣಾಮ ದೂರ ಹೋಯಿತು. 1963ರ ಫೆಬ್ರವರಿಯಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಇಂಡೊನೇಷ್ಯವನ್ನು ಅಮಾನತು ಮಾಡಿತು. ಅಧ್ಯಕ್ಷ ಸುಕರ್ಣೊ ಅದಕ್ಕೆ ಎದುರಾಗಿ ಆ ವರ್ಷದ ನವೆಂಬರ್‌ನಲ್ಲಿ ತಮ್ಮದೇ ಬೇರೆ ಕ್ರೀಡಾಕೂಟ ನಡೆಸಿದರು.

ರಹೀಂ ಸಾಹೇಬರು ಅಷ್ಟು ದಿನ ಉಳಿಯಲಿಲ್ಲ. ಫೈನಲ್ ನಡೆದ ಒಂಬತ್ತು ತಿಂಗಳಿಗೆ, 1963ರ ಜೂನ್ 11ರಂದು ತೀರಿಕೊಂಡರು. ಪಿ.ಕೆ. ಮತ್ತು ಚುನಿ 2020ರಲ್ಲಿ ಒಂದೂವರೆ ತಿಂಗಳ ಅಂತರದಲ್ಲಿ ಹೋದರು, ಬಲರಾಂ 2023ರಲ್ಲಿ. ಜಕಾರ್ತದ ನಂತರ ಏಷ್ಯನ್ ಕ್ರೀಡಾಕೂಟದ ಕಾಲ್ಚೆಂಡಿನಲ್ಲಿ ಭಾರತದ ಪುರುಷರ ತಂಡಕ್ಕೆ ದಕ್ಕಿದ ಪದಕ ಒಂದೇ, 1970ರಲ್ಲಿ ಬ್ಯಾಂಕಾಕ್‌ನಲ್ಲಿ ಗೆದ್ದ ಕಂಚು.